ಅಘನಾಶಿನಿಗೆ ಇಳಿಯುವುದು ಎಲ್ಲಿಂದ?

ಎಲ್ಲರಿಗೂ ನಮಸ್ಕಾರ.

ಅಘನಾಶಿನಿ ಅಳಿವೆಯಲ್ಲಿ ಕಯಾಕ್, ಸಣ್ಣ ದೋಣಿ ಹೋಗುವ ಒಂದು ನೀರದಾರಿ ಗುರುತಿಸಬೇಕು, ಅದನ್ನು ಯಾರು ಬೇಕಾದರೂ ಬಳಸುವಂತಿರಬೇಕು ಅಂತ ನಾವು ಸೇರಿದ್ದೇವೆ. ನದಿಯಂತೂ ಇದೆ. ದೊಡ್ಡ ಅಣೆಕಟ್ಟಿಲ್ಲದೆ ಘಟ್ಟದಿಂದ ಸಮುದ್ರ ಮುಟ್ಟುವ ನದಿ, 2024ರಲ್ಲಿ ಅಳಿವೆಯ 4,801 ಹೆಕ್ಟೇರ್ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಇಲ್ಲದಿರುವುದು ಸರಿಯಾಗಿ ಇಳಿಯುವ ಜಾಗ.

ದಯವಿಟ್ಟು ಹೊಸ ಜಾಗ ಹುಡುಕಲು ಹೋಗಬೇಡಿ. ಉಪ್ಪಿನಪಟ್ಟಣದಿಂದ ತದಡಿವರೆಗೆ ಜನ ತಲೆಮಾರುಗಳಿಂದ ನೀರಿಗೆ ಇಳಿಯುತ್ತಿದ್ದಾರೆ. ಸೇತುವೆ ಬಂದ ಮೇಲೆ ತಾರಿ (ಹೊಳೆ ದಾಟಿಸುವ ದೋಣಿ) ನಿಂತಿರಬಹುದು, ಆದರೆ ತಾರಿಗೆ ಹೋಗುವ ರಸ್ತೆ, ಕಟ್ಟೆ ಅಲ್ಲೇ ಇರುತ್ತವೆ ಅಲ್ವಾ? ಮೊದಲು ಅವುಗಳ ಪಹಣಿ ತೆಗೆಸಿ, ಜಾಗ ಯಾರದ್ದು ನೋಡೋಣ. ಹೊಸಬರು ನಿಂತ ನೀರಿನಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹುಟ್ಟು ಹಾಕಬಹುದು, ಇಳಿತ ಎದುರಾದರೆ ಅದರ ಅರ್ಧವೂ ಕಷ್ಟ. ಆದ್ದರಿಂದ ಐದಾರು ಕಿಲೋಮೀಟರ್‌ಗೊಂದು ದಡ ಸಿಗಬೇಕು.

ಈಗ ಮೆಟ್ಟಿಲಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಡುವುದು ಇಲ್ಲೇ. ಎಂಜಿನಿಯರ್ ಬರುವುದು ಭರತದ ಹೊತ್ತಿಗೆ, ನೀರು ಮೆಟ್ಟಿಲಿಗೆ ತಾಗಿರುತ್ತದೆ, ಎಲ್ಲ ಚೆಂದ ಕಾಣುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಇಳಿತಕ್ಕೆ ನೀರು ಒಂದೂವರೆ ಮೀಟರ್‌ಗಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಆಗ ಕೊನೆಯ ಮೆಟ್ಟಿಲಿನಿಂದ ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಕೆಳಗಿನ ಮೆಟ್ಟಿಲಿಗೆಲ್ಲ ಪಾಚಿ, ಜೊತೆಗೆ ಕಲ್ವ, ಅಂದರೆ ಕಲ್ಲಿಗೆ ಕಚ್ಚಿಕೊಳ್ಳುವ ಚೂಪು ಚಿಪ್ಪು, ಅಂಟಿಕೊಂಡಿರುತ್ತದೆ, ಬರಿಗಾಲಿಟ್ಟರೆ ಸೀಳುತ್ತದೆ. ಬಳಚು (ತಿನ್ನುವ ಚಿಪ್ಪುಮೀನು) ತುಂಬಿದ ಬುಟ್ಟಿ ತಲೆ ಮೇಲೆ ಹೊತ್ತ ಹೆಂಗಸು ಅದನ್ನೇ ಹತ್ತಿ ಬರಬೇಕು. ಅವಳಿಗೆ ಆಗದ ಮೆಟ್ಟಿಲು ಕಯಾಕ್‌ನವರಿಗೂ ಆಗುವುದಿಲ್ಲ. ಮೆಟ್ಟಿಲಿನ ಪಕ್ಕದಲ್ಲಿ ಇಳಿತದ ಗೆರೆಗಿಂತ ಕೆಳಗಿನವರೆಗೂ ಹೋಗುವ, ಒರಟು ಮೈಯ ಇಳಿಜಾರು ಬೇಕು. ಅದೇ ಸಾಕು, ಗೋಪುರ, ಕಮಾನು ಯಾವುದೂ ಬೇಡ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಕಡೆ ಕೈ ಹಾಕಬೇಡಿ. ಅದು ಸಿಆರ್‌ಝಡ್‌ನಲ್ಲಿ, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ, ಅತ್ಯಂತ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ಎಸ್ಟಿಮೇಟ್ ಮಾಡಿಸಿ ಆಮೇಲೆ ಅನುಮತಿ ಕೇಳುವುದಲ್ಲ, ಮೊದಲೇ ಕೇಳಬೇಕು. ಬಳಚು ತೆಗೆಯುವ ದಿಬ್ಬಗಳ ಮೇಲಿಂದಲೂ ದಾರಿ ಬೇಡ, ಅದು ಇಲ್ಲಿಯವರ ಹೊಟ್ಟೆಪಾಡು.

ದುಡ್ಡು. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಒಂದು ಇಳಿಜಾರಿಗೆ ಅದರಲ್ಲಿ ಸಣ್ಣ ಪಾಲು ಕೇಳಿ ಪಡೆಯಬಹುದು, ಗ್ರಾಮ ಪಂಚಾಯಿತಿಯ ಠರಾವು ಕೈಯಲ್ಲಿರಲಿ. ಆದರೆ ಇವೆಲ್ಲ ಹೆಚ್ಚಾಗಿ ಕಟ್ಟುವುದಕ್ಕೆ ಸಿಗುವ ದುಡ್ಡು. ಮಳೆಗಾಲ ಮುಗಿದ ಮೇಲೆ ಹೂಳು ತೆಗೆಯುವವರು ಯಾರು, ಪಾಚಿ ಉಜ್ಜುವವರು ಯಾರು?

ಅಮೆರಿಕದಲ್ಲಿ 1964ರ ಕಾನೂನಿನಿಂದ ಬಂದ ಒಂದು ನಿಧಿ ಇದೆ. ಅದಕ್ಕೆ ದುಡ್ಡು ಬರುವುದು ಮುಖ್ಯವಾಗಿ ಸಮುದ್ರದಲ್ಲಿ ತೈಲ, ಅನಿಲ ತೆಗೆಯುವವರು ಸರ್ಕಾರಕ್ಕೆ ಕಟ್ಟುವ ಹಣದಿಂದ. ಉದ್ಯಾನ, ದೋಣಿ ಇಳಿಸುವ ಜಾಗ ಇಂಥವಕ್ಕೆ ಅದು ಸಾಮಾನ್ಯವಾಗಿ ಅರ್ಧ ಖರ್ಚು ಕೊಡುತ್ತದೆ, ಉಳಿದರ್ಧ ಊರಿನವರು ಹೊಂದಿಸಬೇಕು. ಇನ್ನೊಂದು ಷರತ್ತು ನನಗೆ ತುಂಬಾ ಇಷ್ಟ: ಒಮ್ಮೆ ಆ ದುಡ್ಡು ಪಡೆದ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಅನುಮತಿ ಬೇಕು, ಬದಲಿಗೆ ಅಷ್ಟೇ ಬೆಲೆಯ ಜಾಗ ಕೊಡಬೇಕು. ನಮ್ಮ ಠರಾವಿನಲ್ಲೂ ಇಂಥದ್ದೊಂದು ಸಾಲು ಬರೆಸೋಣ. ಇಲ್ಲದಿದ್ದರೆ ನಾಲ್ಕು ವರ್ಷಕ್ಕೆ ಅಲ್ಲಿ ಯಾರದ್ದೋ ರೆಸಾರ್ಟ್ ಗೇಟ್ ನಿಂತಿರುತ್ತದೆ, ಮೀನಿಗೆ ಹೋಗುವವರು ಸುತ್ತಿ ಬಳಸಿ ಹೋಗಬೇಕಾಗುತ್ತದೆ.

ನಿರ್ವಹಣೆಗೆ ನನ್ನ ಸಲಹೆ ಇಷ್ಟೇ. ಬಾಡಿಗೆ ಕಯಾಕ್ ನಡೆಸುವವರು ಶುಲ್ಕ ಕೊಡಲಿ, ಪಾರ್ಕಿಂಗ್ ಹಣವೂ ಸೇರಲಿ, ಎರಡೂ ಪಂಚಾಯಿತಿಯ ಪ್ರತ್ಯೇಕ ಖಾತೆಗೆ ಹೋಗಲಿ. ಮೀನು, ಬಳಚಿಗೆ ಹೋಗುವವರಿಂದ ಒಂದು ರೂಪಾಯಿಯೂ ಬೇಡ.

ಬರುವ ಅಮಾವಾಸ್ಯೆಗೆ ಇಳಿತದ ಹೊತ್ತು ನೋಡಿಕೊಂಡು ಪಂಚಾಯಿತಿ ಸದಸ್ಯರು, ಎಂಜಿನಿಯರ್, ಬಳಚಿನ ಹೆಂಗಸರು ಎಲ್ಲರೂ ಹೆಗಡೆ ಊರಿನ ದಡಕ್ಕೆ ಬನ್ನಿ. ಟೇಪ್ ನಾನು ತರುತ್ತೇನೆ. ಕೊನೆಯ ಮೆಟ್ಟಿಲಿನಿಂದ ನೀರಿಗೆ ಎಷ್ಟು ಅಂತರ ಅಂತ ಅಳೆದು ಬರೆದುಕೊಳ್ಳೋಣ, ಎಸ್ಟಿಮೇಟ್ ಅದಾದ ಮೇಲೆ.