ಸಿಗ್ನಲ್ ಸಿಗದ ಊರು ಕಂಪನಿಯ ಲೆಕ್ಕದಲ್ಲಿ ಹೇಗೆ ಕಾಣುತ್ತೆ?

ನಮಸ್ಕಾರ. ಮೈಸೂರಿನಿಂದ ಮಾತಾಡ್ತಿದ್ದೀನಿ. ಬಿಗ್ ಡೇಟಾ ಅನಾಲಿಟಿಕ್ಸ್, ಅಂದರೆ ರಾಶಿಗಟ್ಟಲೆ ಮಾಹಿತಿಯನ್ನ ಕಂಪ್ಯೂಟರ್‌ನಲ್ಲಿ ಜಾಲಾಡಿ ಅರ್ಥ ಹುಡುಕೋ ಕೆಲಸ, ಬಂದರೆ ಟೆಲಿಕಾಂ ಕಂಪನಿಗಳ ವ್ಯವಹಾರ ಸುಧಾರಿಸುತ್ತೆ ಅಂತಾರೆ. ನಾನೂ ಒಪ್ತೀನಿ. ಆದರೆ ಮಂಡ್ಯದ ಹಳ್ಳಿಗಳನ್ನ ಕಣ್ಣಮುಂದೆ ಇಟ್ಕೊಂಡು ನೋಡಿದಾಗ, ಆ ಡೇಟಾ ಓದೋ ರೀತಿಯಲ್ಲೇ ಒಂದು ದೊಡ್ಡ ತಪ್ಪು ನಡೀತಿದೆ ಅನ್ಸುತ್ತೆ. ಅದನ್ನೇ ಇವತ್ತು ಹೇಳ್ಬೇಕು.

ನೀವು ಒಂದು ಕಾಲ್ ಮಾಡಿದ ತಕ್ಷಣ ಕಂಪನಿ ಹತ್ತಿರ ಒಂದು ಸಿಡಿಆರ್, ಅಂದರೆ ಕಾಲ್ ಡೀಟೇಲ್ ರೆಕಾರ್ಡ್ ಹುಟ್ಟುತ್ತೆ. ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಯಾವ ಸೆಲ್‌ನಿಂದ (ಸೆಲ್ ಅಂದರೆ ಟವರ್‌ನ ಒಂದೊಂದು ಆಂಟೆನಾ ಸಿಗ್ನಲ್ ಕೊಡೋ ಜಾಗ), ಎಲ್ಲ ಅದರಲ್ಲಿ ಬರುತ್ತೆ. ಮಾತಾಡಿದ ಮಾತು ಇರಲ್ಲ. ಈ ದಾಖಲೆಗಳನ್ನ ಕನಿಷ್ಠ 2 ವರ್ಷ ಇಟ್ಕೊಳ್ಳಲೇಬೇಕು ಅಂತ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲೇ ಷರತ್ತು ಹಾಕಿದೆ. ಅದರ ಜೊತೆಗೆ ರೀಚಾರ್ಜ್ ತಾರೀಕು, ಇಂಟರ್‌ನೆಟ್ ಬಳಕೆ, ಕಸ್ಟಮರ್ ಕೇರ್‌ಗೆ ಬಂದ ದೂರು, ಟವರ್‌ನಿಂದ ಬರೋ ಅಲಾರಂ. ರಾಶಿ ರಾಶಿ ಮಾಹಿತಿ.

ಇದನ್ನ ಹೆಚ್ಚಾಗಿ ಯಾತಕ್ಕೆ ಬಳಸ್ತಾರೆ? ಯಾವ ಗ್ರಾಹಕ ಬಿಟ್ಟು ಹೋಗ್ತಾನೆ ಅಂತ ಮುಂಚೆನೇ ಊಹಿಸೋದಕ್ಕೆ. ನಂಬರ್ ಪೋರ್ಟಬಿಲಿಟಿ 2011ರ ಜನವರಿ 20ಕ್ಕೆ ದೇಶದ ತುಂಬ ಬಂತಲ್ಲ, ಆಮೇಲೆ ನಂಬರ್ ಉಳಿಸ್ಕೊಂಡೇ ಕಂಪನಿ ಬದಲಾಯಿಸೋದು ಸುಲಭ ಆಯ್ತು. 2016ರಲ್ಲಿ ಜಿಯೋ ಬಂದ ಮೇಲಂತೂ ಪೈಪೋಟಿ ಹೇಳೋದೇ ಬೇಡ. ರೀಚಾರ್ಜ್ ತಡ ಆಗ್ತಿದೆಯಾ, ಕಾಲ್ ಕಡಿಮೆ ಆಗ್ತಿದೆಯಾ ಅಂತ ನೋಡಿ ಒಂದು ಅಂಕ ಕೊಟ್ಟು, ಅಂಥವರಿಗೆ ಆಫರ್ ಕಳಿಸ್ತಾರೆ. ಲೆಕ್ಕ ಚೆನ್ನಾಗೇ ಇದೆ.

ಈಗ ಮಳವಳ್ಳಿ ಕಡೆಯ ಒಂದು ಹಳ್ಳಿ ಅಂದ್ಕೊಳ್ಳಿ. ಮನೆ ಒಳಗೆ ಸಿಗ್ನಲ್ ಸಿಗಲ್ಲ, ಜಗಲಿಗೆ ಬಂದ್ರೆ ಒಂದು ಕಡ್ಡಿ. ಆ ಊರಿನ ರೈತ ಪೋರ್ಟ್ ಮಾಡೋ ಗೋಜಿಗೆ ಹೋಗಲ್ಲ. ಫೋನಿನಲ್ಲಿ ಎರಡು ಸಿಮ್ ಇರುತ್ತೆ, ಸಿಗ್ನಲ್ ಸಿಗೋ ಇನ್ನೊಂದಕ್ಕೆ ಕರೆನ್ಸಿ ಹಾಕಿಸ್ತಾನೆ. ಮೊದಲನೇ ಸಿಮ್ ಓಟಿಪಿಗೆ, ಬ್ಯಾಂಕಿನ ಮೆಸೇಜಿಗೆ ಅಂತ ಉಳಿಯುತ್ತೆ. ಆ ಕಂಪನಿಯ ಕಂಪ್ಯೂಟರ್‌ನಲ್ಲಿ ಅವನು ಬಿಟ್ಟು ಹೋದ ಗ್ರಾಹಕ ಅಲ್ಲ, ಕಡಿಮೆ ಖರ್ಚು ಮಾಡೋ ಗ್ರಾಹಕ. ಊರಿನ ತುಂಬ ಹಿಂಗೇ ಆದಾಗ ಆ ಟವರ್‌ನ ಆದಾಯ ಬೀಳುತ್ತೆ. ಆದಾಯ ಕಡಿಮೆ ಇರೋ ಟವರ್‌ಗೆ ಹೊಸ ಉಪಕರಣ ಕೊನೆಯಲ್ಲಿ ಬರುತ್ತೆ. ಸಿಗ್ನಲ್ ಇನ್ನೂ ಹಾಳಾಗುತ್ತೆ, ಆದಾಯ ಇನ್ನೂ ಬೀಳುತ್ತೆ. ಕೊನೆಗೆ ವರದಿಯಲ್ಲಿ ಏನು ಬರುತ್ತೆ ಗೊತ್ತಾ? ಈ ಊರಲ್ಲಿ ಬೇಡಿಕೆ ಇಲ್ಲ ಅಂತ. ಸೇವೆ ಕೊಡದೇ ಇದ್ದಿದ್ದಕ್ಕೆ ಬೇಡಿಕೆ ಕಾಣ್ತಿಲ್ಲ ಸ್ವಾಮಿ! ಇದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷಯ. ರೈತನಿಗೆ ಅನ್ಯಾಯ, ಕಂಪನಿಗೂ ನಷ್ಟ. ಕೈಗೆ ಬರಬೇಕಾದ ದುಡ್ಡು ಪಕ್ಕದ ಸಿಮ್‌ಗೆ ಹೋಗ್ತಿದೆ.

ಇನ್ನೊಂದು ತೊಂದರೆ ಇದೆ. ಫೋನ್ ಟವರ್‌ಗೇ ತಲುಪದೆ ಹೋದ ಕಾಲ್‌ಗೆ ಸಿಡಿಆರ್ ಹುಟ್ಟೋದೇ ಇಲ್ಲ. ಗದ್ದೆ ಬಯಲಲ್ಲಿ ನಿಂತು ಹತ್ತು ಸಲ ಪ್ರಯತ್ನ ಮಾಡಿದ್ರೂ ದಾಖಲೆ ಸೊನ್ನೆ. ಇದಕ್ಕೆ ತಾಂತ್ರಿಕ ದಾರಿ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. 4ಜಿ ಮಾನದಂಡದಲ್ಲೇ ಒಂದು ವ್ಯವಸ್ಥೆ ಇದೆ. ಸಂಪರ್ಕ ಕಡಿದು ಹೋದಾಗ, ಆ ಸೌಲಭ್ಯ ಇರೋ ಫೋನ್ ಎಲ್ಲಿ ಕಡಿತು, ಆಗ ಸಿಗ್ನಲ್ ಎಷ್ಟಿತ್ತು ಅಂತ ತನ್ನೊಳಗೆ ಬರೆದಿಟ್ಕೊಳ್ಳುತ್ತೆ. ಮತ್ತೆ ನೆಟ್‌ವರ್ಕ್ ಸಿಕ್ಕಾಗ, ಕಂಪನಿ ಕೇಳಿದ್ರೆ ಒಪ್ಪಿಸುತ್ತೆ. ಅದನ್ನ ಕೇಳೋದು, ಕೇಳಿದ್ದನ್ನ ಮ್ಯಾಪ್ ಮೇಲೆ ಹಾಕಿ ನೋಡೋದು ಕಂಪನಿಯ ಕೆಲಸ.

ಬ್ಯಾಟರಿ ವಿಷಯವೂ ಹಂಗೇ. ಕರೆಂಟ್ ಹೋದ ಮೇಲೆ ಟವರ್ ನಿಂತಿರೋದು ಬ್ಯಾಟರಿ ಮೇಲೆ. ಪ್ರತಿ ಸಲ ಅದರ ವೋಲ್ಟೇಜ್ ಎಷ್ಟು ಬೇಗ ಇಳೀತಿದೆ ಅನ್ನೋದನ್ನ ನೋಡ್ತಾ ಬಂದರೆ, ಅದು ಪೂರ್ತಿ ಸಾಯೋ ಮುಂಚೆನೇ ಬದಲಾಯಿಸಬಹುದು. ಊರಿಗೆ ಊರೇ ಸಂಪರ್ಕ ಕಳ್ಕೊಂಡ ಮೇಲೆ ಗಾಡಿ ಕಳಿಸೋ ಖರ್ಚಾದ್ರೂ ಉಳಿಯುತ್ತೆ.

ಸರಾಸರಿ ಅನ್ನೋ ಲೆಕ್ಕದ ಮೇಲೆ ನನಗೆ ಕೋಪ ಇದೆ. ಟೆಲಿಕಾಂ ಪರವಾನಗಿಗೆ ದೇಶವನ್ನ 22 ವಲಯ ಮಾಡಿದ್ದಾರೆ, ಅದರಲ್ಲಿ ಕರ್ನಾಟಕ ಒಂದು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಸರಾಸರಿ ತೆಗೆದ್ರೆ, ಬೆಂಗಳೂರಿನ ಕೋಟ್ಯಂತರ ಕಾಲ್‌ಗಳ ಮಧ್ಯೆ ಪಾಂಡವಪುರದ ಒಂದು ಹಳ್ಳಿ ಎಲ್ಲಿ ಕಾಣುತ್ತೆ? ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮದಲ್ಲಿ ಗುಣಮಟ್ಟದ ವರದಿಯನ್ನ ಮೂರು ತಿಂಗಳ ಬದಲು ತಿಂಗಳಿಗೊಮ್ಮೆ ಮಾಡಿದ್ದು ಒಳ್ಳೆಯದೇ. ಜಿಲ್ಲಾ ಮಟ್ಟದಲ್ಲಿ 24 ಗಂಟೆಗಿಂತ ಹೆಚ್ಚು ಸೇವೆ ನಿಂತರೆ ಪ್ರೀಪೇಯ್ಡ್ ವ್ಯಾಲಿಡಿಟಿ ವಿಸ್ತರಿಸಬೇಕು ಅಂತಲೂ ಇದೆ. ಆದರೆ ಒಂದೇ ಊರಿನ ಟವರ್ ಮೂರು ದಿನ ಮಲಗಿದ್ರೆ ಅದು ಜಿಲ್ಲೆ ಲೆಕ್ಕಕ್ಕೆ ಬರಲ್ಲ. ಟವರ್ ಮಟ್ಟದ ಲೆಕ್ಕಕ್ಕೇ ಪರಿಹಾರ ಜೋಡಿಸಬೇಕು ಅನ್ನೋದು ನನ್ನ ಒತ್ತಾಯ.

ಮನಸ್ಸು ಮಾಡಿದ್ರೆ ಆಗುತ್ತೆ ರೀ. ದೊಡ್ಡ ಜಾತ್ರೆ, ಮೆರವಣಿಗೆ ಇರೋ ಕಡೆ ಹಿಂದಿನ ವರ್ಷದ ದಟ್ಟಣೆ ನೋಡಿ, ಗಾಡಿ ಮೇಲಿನ ತಾತ್ಕಾಲಿಕ ಟವರ್ ತಂದು ನಿಲ್ಲಿಸೋದು ಈ ಉದ್ಯಮಕ್ಕೆ ಹೊಸದಲ್ಲ. ಜಂಬೂಸವಾರಿ ದಿನದ ಜನಕ್ಕೆ ಆಗೋ ಯೋಚನೆ, ಕಬ್ಬು ಕಡಿಯೋ ಕಾಲದಲ್ಲಿ ಹೊರಗಿನಿಂದ ಬಂದ ಕೂಲಿಯವರು ಸಂಜೆ ಮನೆಗೆ ಫೋನ್ ಮಾಡೋ ಹೊತ್ತಿಗೂ ಆಗಬೇಕು.

ಖಾಸಗಿತನ ಏನಾಗುತ್ತೆ ಅಂತ ಕೇಳ್ತೀರಾ? ಕೇಳಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲೇ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು. ಟವರ್ ರಿಪೇರಿಗೆ ಯಾರ ಹೆಸರೂ ಬೇಕಾಗಿಲ್ಲ. ಯಾವ ಸೆಲ್‌ನಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಸಲ ಕಡಿತು ಅನ್ನೋ ಎಣಿಕೆ ಸಾಕು.

ನಿಮ್ಮ ಕಡೆಯಿಂದ ಒಂದು ಕೆಲಸ ಆಗಬೇಕು. ಸಿಗ್ನಲ್ ಇಲ್ಲ ಅಂತ ಸುಮ್ಮನೆ ಇನ್ನೊಂದು ಸಿಮ್‌ಗೆ ಹೋಗಬೇಡಿ. ಸಿಗ್ನಲ್ ಸಿಗೋ ಜಾಗಕ್ಕೆ ಬಂದ ಮೇಲೆ 198ಕ್ಕೆ ಕಾಲ್ ಮಾಡಿ. ಊರು, ಹೊತ್ತು, ಮನೆ ಒಳಗೋ ಹೊರಗೋ ಅನ್ನೋದನ್ನ ಬಿಡಿಸಿ ಹೇಳಿ. ಅವರು ಕೊಡೋ ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್ ಬರ್ಕೊಳ್ಳಿ. ಸರಿಯಾದ ಉತ್ತರ ಬರದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಆ ನಂಬರ್ ಹಾಕಿ ಬರೀರಿ. ಊರಲ್ಲಿ ಹತ್ತು ಮನೆಯವರು ಹೀಗೆ ಮಾಡಿದ್ರೆ, ಆ ಟವರ್ ಹೆಸರಿನ ಮುಂದೆ ಹತ್ತು ದೂರು ದಾಖಲಾಗುತ್ತೆ.