ತಿರುಗುವ ಕಪ್ಪುಕುಳಿ ಕೊಡುತ್ತದೆ

ಕೇಳುಗರಿಗೆ ನಮಸ್ಕಾರ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುತ್ತ ರೇಡಿಯೋ ಹಾಕಿಕೊಂಡವರಿದ್ದೀರಿ, ಕಾರವಾರದ ಬಂದರಿನಲ್ಲಿ ಬಲೆ ರಿಪೇರಿಗೆ ಕುಳಿತವರಿದ್ದೀರಿ. ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್, ಎಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ತಿರುಗುವ ಕಪ್ಪುಕುಳಿ ಕೊಡುತ್ತದೆ. ಇವತ್ತು ಇಷ್ಟು ನೆನಪಿಟ್ಟುಕೊಂಡರೆ ಸಾಕು.

ತಿರುಗುವ ಕುಳಿಯ ಗಣಿತವನ್ನು 1963ರಲ್ಲಿ ಬಿಡಿಸಿದವರು ರಾಯ್ ಕೆರ್. ಅದರ ದ್ರವ್ಯರಾಶಿಯಲ್ಲಿ ಶೇಕಡಾ 29ರವರೆಗೂ ಬರೀ ತಿರುಗುವಿಕೆಯ ಶಕ್ತಿ ಇರಬಹುದು. ಕುಳಿ ತಿರುಗುವ ದಿಕ್ಕಿನಲ್ಲೇ, ಅದಕ್ಕಿಂತ ನಿಧಾನವಾಗಿ ಸುತ್ತುವ ಅಲೆಯೊಂದು ಬಂದು ತಾಗಿದರೆ, ಆ ಶಕ್ತಿಯಲ್ಲಿ ಒಂದು ಪಾಲು ಪಡೆದು ದೊಡ್ಡದಾಗಿ ಹೊರಬೀಳುತ್ತದೆ. ಪಾಲು ಬಹಳ ಸಣ್ಣದು. ಬೆಳಕಿನ ಅಲೆಗೆ ಒಂದು ಸಲಕ್ಕೆ ಹೆಚ್ಚೆಂದರೆ ಶೇಕಡಾ 4.4. ಇಷ್ಟೇನಾ ಎನ್ನಬೇಡಿ.

ಹೊನ್ನಾವರದ ಕಡೆಯ ಒಂದು ಗದ್ದೆಬಯಲಿನಲ್ಲಿ ಯಕ್ಷಗಾನ. ಭಾಗವತರು ಪದ ಎತ್ತಿದ್ದೇ ತಡ, ಮೈಕು 'ಕೂಂಯ್' ಎಂದು ಕಿರುಚಿತು. ಚಂಡೆಯವರ ಕೋಲು ಗಾಳಿಯಲ್ಲೇ ನಿಂತಿತು. ಮುಂದೆ ಚಾಪೆ ಹಾಸಿ ಕುಳಿತ ಮಕ್ಕಳು ಕಿವಿ ಮುಚ್ಚಿಕೊಂಡರು. ಚೌಕಿಯಿಂದ ಅರ್ಧ ಬಣ್ಣದ ರಾಕ್ಷಸನೊಬ್ಬ ಹಣಿಕಿದ. ಮೈಕ್ ಸೆಟ್ಟಿನ ಹುಡುಗ ಓಡಿ ಬಂದು ಮೈಕಿನ ತಲೆಗೆ ಎರಡು ತಟ್ಟಿದ. ಕೂಗು ಇನ್ನೂ ಏರಿತು. ಕೊನೆಗೆ ಹಿರಿಯರೊಬ್ಬರು ಕವಳ ಉಗಿದು ಬಂದು, "ತಮ್ಮಾ, ಮೈಕಿಗೆ ಏನೂ ಆಗಿಲ್ಲ. ಆ ಪೆಟ್ಟಿಗೆಯ ಮೋರೆ ಆಚೆ ತಿರುಗಿಸು" ಎಂದರು. ತಿರುಗಿಸಿದ; ಸದ್ದಡಗಿತು. ಪೆಟ್ಟಿಗೆಯ ಸದ್ದು ಮೈಕಿಗೆ ಮರಳಿ, ಹಿಗ್ಗಿ ಹೊರಬಂದು, ಮತ್ತೆ ಮೈಕಿಗೇ ಹೋಗುತ್ತಿತ್ತು. ಭಾಗವತರು ಬಾಯಿ ಮುಚ್ಚಿದರೂ ಅದು ಬೆಳೆಯುತ್ತಲೇ ಇತ್ತು.

ಕುಳಿಯ ಸುತ್ತ ಕನ್ನಡಿ ಕಟ್ಟಿದರೆ ಆಗುವುದೂ ಇದೇ. ಅಲೆ ಮರಳಿ ಮರಳಿ ಬರುತ್ತದೆ, ಬಂದಾಗಲೆಲ್ಲ ಕುಳಿ ಕೊಡುತ್ತದೆ. ಪ್ರೆಸ್ ಮತ್ತು ಟ್ಯುಕೋಲ್ಸ್ಕಿ ಎಂಬ ವಿಜ್ಞಾನಿಗಳು 1972ರಲ್ಲಿ ಇದನ್ನು ಕಪ್ಪುಕುಳಿ ಬಾಂಬ್ ಎಂದು ಕರೆದರು. ಆಕಾಶದಲ್ಲಿ ಕನ್ನಡಿ ಎಲ್ಲಿದೆ ಎಂದು ಕೇಳುತ್ತೀರಿ. ಬೇಕಾಗಿಲ್ಲ. ಭೌತವಿಜ್ಞಾನದಲ್ಲಿ ಇಂಥ ಅಲೆ ಎಂದರೆ ಕಣವೂ ಹೌದು; ಆ ಕಣಕ್ಕೆ ಒಂದಿಷ್ಟು ದ್ರವ್ಯರಾಶಿ ಇದ್ದರೆ ಗುರುತ್ವವೇ ಅದನ್ನು ಹಿಂದಕ್ಕೆಳೆಯುತ್ತದೆ. ಕಣ ಮಾತ್ರ ಎಲೆಕ್ಟ್ರಾನಿಗಿಂತ ಕೋಟಿ ಕೋಟಿ ಪಟ್ಟಿಗೂ ಮಿಕ್ಕಿ ಹಗುರವಾಗಿರಬೇಕು. ಅಂಥದು ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಅದು ಇದ್ದರೆ ಕುಳಿ ಕೊಟ್ಟು ಕೊಟ್ಟು ನಿಧಾನವಾಗಬೇಕು. ಆದ್ದರಿಂದ ರಭಸದಿಂದ ತಿರುಗುವ ಪ್ರತಿಯೊಂದು ಕುಳಿಯೂ ಆ ಕಣದ ವಿರುದ್ಧ ಒಂದು ಸಾಕ್ಷಿ.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಕುಳಿಗೆ ವಿದ್ಯುದಂಶವೂ ಇದ್ದರೆ? ಆ ಲೆಕ್ಕ 1965ರಲ್ಲಿ ನ್ಯೂಮನ್ ಮತ್ತು ಸಂಗಡಿಗರದು. ಅದೇ ಬಗೆಯ ವಿದ್ಯುದಂಶದ ಅಲೆಗೆ ಕುಳಿ ಇನ್ನೂ ಧಾರಾಳವಾಗಿ ಕೊಡುತ್ತದೆ, ಆದರೆ ದೂರಕ್ಕೂ ತಳ್ಳುತ್ತದೆ. ತಳ್ಳಿಸಿಕೊಂಡದ್ದು ಮರಳುವುದಿಲ್ಲ. ಹಾಗಾಗಿ ವಿದ್ಯುದಂಶವಿದ್ದೂ ತಿರುಗದ ಕುಳಿಯ ಸುತ್ತ, ಕನ್ನಡಿಯಿಲ್ಲದೆ, ಅಲೆ ಬೆಳೆಯದು. ತಿರುಗಬೇಕು!

ವಿದ್ಯುದಂಶವೂ ಇಲ್ಲದೆ ತಿರುಗದೆ ನಿಂತ ಕುಳಿಯನ್ನು ಕೆಣಕಿದರೆ ಒಮ್ಮೆ ಮಿಡಿದು ತಣ್ಣಗಾಗುತ್ತದೆ ಎಂದು 1970ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಅವರ ಬಗ್ಗೆ ಅರ್ಧ ಪುಟ ಬರೆದು ತಂದಿದ್ದೆ, ಯಕ್ಷಗಾನ ಅದನ್ನು ತಿಂದುಹಾಕಿತು. ನಮಸ್ಕಾರ.