ಕೊನೆಯ ಸಾಲು ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯಿಂದ ಪುಳಿಯೋಗರೆ ವಾಸನೆ ಬರ್ತಾ ಇದೆ. ಅದರ ಮುಂದೆ ಮಾತಾಡಿ ಗೆಲ್ಲುವುದು ಕಷ್ಟ. ಆದರೆ ನಾಳೆ ಬೆಳಿಗ್ಗೆ ನೀವೆಲ್ಲ ಅಟ್ಲಾಂಟಾದಿಂದ ಇದೇ ಜಾರ್ಜಿಯಾದ ಹಳೇ ಬಂದರು ಊರು ಸವಾನಾಗೆ ಬಸ್ಸು ಹತ್ತುವವರು. ಅದಕ್ಕೆ ಮೊದಲು ಒಂದು ವಿಷಯ ಹೇಳಲೇಬೇಕು ಅಂತ ಕಾರ್ಯಕ್ರಮ ನಡೆಸುವವರ ಬೆನ್ನು ಹತ್ತಿ ಈ ಅರ್ಧ ಗಂಟೆ ಗಿಟ್ಟಿಸಿದ್ದೇನೆ.

ಅಲ್ಲಿ ಓಕ್ ಮರಗಳಿವೆ, ಸನ್ಯಾಸಿ ಜಡೆಯ ಹಾಗೆ ಇಳಿಬಿದ್ದ ಬೂದು ಬಣ್ಣದ ಎಳೆಗಳಿವೆ, ನದಿಯಲ್ಲಿ ಮನೆಗಿಂತ ಎತ್ತರದ ಹಡಗುಗಳಿವೆ. ಎಲ್ಲದರ ಫೋಟೊ ತೆಗೆಯುತ್ತೀರಿ. ರಸ್ತೆ ಬದಿಯಲ್ಲಿ ಕಂಬದ ಮೇಲೆ ನಿಂತ ಲೋಹದ ಬೋರ್ಡುಗಳನ್ನು ಮಾತ್ರ ಯಾರೂ ಓದುವುದಿಲ್ಲ. ನಾನು ಮೊದಲ ಸಲ ಹೋದಾಗ ಕಾರಿನಲ್ಲೇ ಕೂತು ಓದಲು ನೋಡಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಿಂದಿನವನ ಹಾರ್ನು. ಇಳಿದು ಓದಿ. ಓದುವಾಗ ಕೊನೆಯ ಸಾಲು ಮೊದಲು ಓದಿ. ಇವತ್ತು ನಾನು ಹೇಳುವುದು ಇಷ್ಟೇ, ಮಿಕ್ಕಿದ್ದೆಲ್ಲ ಒಗ್ಗರಣೆ.

ನಮ್ಮ ಊರುಗಳ ದಾನಶಾಸನಗಳಲ್ಲಿ ಕೊನೆಗೆ ಏನಿರುತ್ತೆ? ಶಾಪ. ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಅಂತ. ಇಲ್ಲಿನ ಬೋರ್ಡಿನಲ್ಲಿ ಶಾಪ ಇಲ್ಲ. ಯಾರು ಹಾಕಿಸಿದರು, ಯಾವ ವರ್ಷ ಹಾಕಿಸಿದರು ಅಂತ ಇರುತ್ತೆ. ನನಗೆ ಶಾಪಕ್ಕಿಂತ ಅದೇ ಜಾಸ್ತಿ ಕುತೂಹಲ.

ಸವಾನಾದ ಚೌಕಗಳಲ್ಲೊಂದಾದ ರೈಟ್ ಸ್ಕ್ವೇರಿಗೆ ಹೋಗಿ. 1733ರಲ್ಲಿ ಇಂಗ್ಲೆಂಡಿನಿಂದ ಓಗಲ್‌ಥಾರ್ಪ್ ಬಂದು ಊರು ಕಟ್ಟಿದಾಗ ಜಾಗ ಬಿಟ್ಟುಕೊಟ್ಟವರು ಅಲ್ಲಿನ ಮೂಲನಿವಾಸಿ ಯಾಮಕ್ರಾ ಜನರ ಮುಖಂಡ ಟೊಮೊಚಿಚಿ. 1739ರಲ್ಲಿ ತೀರಿಕೊಂಡರು. ಅವರ ಆಸೆಯಂತೆ ಊರೊಳಗೇ, ಈ ಚೌಕದಲ್ಲೇ ಮಣ್ಣು ಮಾಡಿದರು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಓಗಲ್‌ಥಾರ್ಪ್ ಕೂಡ ಒಬ್ಬ. ಆಮೇಲೆ? 1883ರಲ್ಲಿ ಅದೇ ಚೌಕದ ನಡುವೆ ರೈಲು ಕಂಪನಿಯ ಮೊದಲ ಅಧ್ಯಕ್ಷ ಗಾರ್ಡನ್ ಅವರಿಗೆ ದೊಡ್ಡ ಸ್ಮಾರಕ ಎದ್ದಿತು. ಜಾಗ ಕೊಟ್ಟವರಿಗೇ ಜಾಗ ಇಲ್ಲ!

ಇದನ್ನು ನೋಡಲಾರದೆ ಸಿಟ್ಟಾದವರು ಯಾರು ಗೊತ್ತಾ? ಆ ಗಾರ್ಡನ್ ಅವರ ಸೊಸೆ, ನೆಲ್ಲಿ. ಮಾವನ ಸ್ಮಾರಕಕ್ಕೆ ಸೊಸೆಯ ತಕರಾರು. ನಮ್ಮ ಮನೆಗಳಲ್ಲಾಗಿದ್ದರೆ ಮೂರು ತಲೆಮಾರು ಮಾತುಕತೆ ನಿಂತಿರುತ್ತಿತ್ತು. ಆಕೆ ಮತ್ತು ಅವರ ಮಹಿಳಾ ಸಂಘದವರು ಸ್ಟೋನ್ ಮೌಂಟನ್‌ನಿಂದ ಒಂದು ದೊಡ್ಡ ಗ್ರಾನೈಟ್ ಬಂಡೆ ತರಿಸಿದರು. ಅದೇ, ನಾವು ಭಾನುವಾರ ಮಕ್ಕಳನ್ನು ಹತ್ತಿಸುವ ಸ್ಟೋನ್ ಮೌಂಟನ್. ಗೈಡುಗಳು ಹೇಳುವ ಕಥೆ ಕೇಳಿ. ಬಂಡೆಯ ಕಂಪನಿಯವರು ದುಡ್ಡು ಬೇಡ ಅಂದರು. ನೆಲ್ಲಿ ಬಿಡಲಿಲ್ಲ, ಬಿಲ್ ಕಳಿಸಿ ಅಂದರು. ಅವರು ಚಿಲ್ಲರೆ ಕಾಸಿಗೆ ಬಿಲ್ ಬರೆದು, ಪ್ರಳಯದ ದಿನ ಕೊಟ್ಟರೆ ಸಾಕು ಅಂತ ಷರಾ ಹಾಕಿದರು. ನೆಲ್ಲಿ ಕೂಡಲೇ ದುಡ್ಡು ಕಳಿಸಿ, ಆ ದಿನ ನನಗೆ ನನ್ನದೇ ಲೆಕ್ಕ ಒಪ್ಪಿಸುವ ಗಡಿಬಿಡಿ ಇರುತ್ತೆ, ಈಗಲೇ ತಗೊಳ್ಳಿ ಅಂದರಂತೆ. ಈಕೆಯ ಮಗಳೇ ಹುಡುಗಿಯರ ಸಂಘ ಗರ್ಲ್ ಸ್ಕೌಟ್ಸ್ ಶುರು ಮಾಡಿದ ಜೂಲಿಯಟ್ ಗಾರ್ಡನ್ ಲೋ. ನೀವು ಆ ಸಂಘದ ಪಕ್ಕದ ಮನೆ ಹುಡುಗಿಯಿಂದ ಬೇಡ ಅನ್ನಲಾಗದೆ ಕೊಳ್ಳುವ ಆ ಕುಕಿ ಇದೆಯಲ್ಲ, ಅದರ ಮೂಲ ಈ ಮನೆ.

ಬಂಡೆಯ ಮೇಲೆ ಕೊನೆಗೆ ಏನಿದೆ? ಹಾಕಿಸಿದ ಸಂಘದ ಹೆಸರು, ಆಮೇಲೆ 1739, 1899. ಸತ್ತ ವರ್ಷ, ನೆನಪಾದ ವರ್ಷ. ನಡುವಿನ 160 ವರ್ಷದ ಕಥೆ ಬಂಡೆಯ ಮೇಲೆ ಇಲ್ಲ. ಅದಕ್ಕೇ ಹೇಳಿದ್ದು, ಕೊನೆಯ ಸಾಲು ಮೊದಲು.

ಟ್ರೂಪ್ ಸ್ಕ್ವೇರಿನ ಬೋರ್ಡು ಸ್ವಲ್ಪ ತಮಾಷೆ. ಜಿಂಗಲ್ ಬೆಲ್ಸ್ ಬರೆದ ಪಿಯರ್‌ಪಾಂಟ್ ಇಲ್ಲಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಹಾಡು ಅಚ್ಚಾದದ್ದು 1857ರಲ್ಲಿ, ಬೋರ್ಡು ಬಂದದ್ದು 1985ರಲ್ಲಿ. ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನವರು ಹಾಡು ನಮ್ಮೂರಲ್ಲೇ ಹುಟ್ಟಿತು, 1850ರಲ್ಲಿ, ಅಂತ ತಮ್ಮದೇ ಫಲಕ ಹಾಕಿಕೊಂಡಿದ್ದಾರೆ. ಹಿಮ ಬೀಳುವುದೇ ಅಪರೂಪವಾದ ಊರು ಜಾರುಬಂಡಿ ಹಾಡಿಗೆ ಜಗಳ ಆಡುತ್ತೆ! ಮೈಸೂರುಪಾಕು ನಮ್ದು ಅಂತ ಚೆನ್ನೈನವರು ಅಂದ ಹಾಗೆ. ಇರಲಿ ಬಿಡಿ, ಅದಕ್ಕೆ ಕೈ ಹಾಕಿದರೆ ಊಟ ತಪ್ಪುತ್ತೆ.

ಚೀಟಿ ಬಂತು. ಐದು ನಿಮಿಷ ಅಂತೆ. ಬಂದರಿನ ಬಗ್ಗೆ, ಹತ್ತಿಯ ಬಗ್ಗೆ ಬರೆದುಕೊಂಡ ಎರಡು ಹಾಳೆ ಮಡಚಿ ಇಡುತ್ತೇನೆ. ಟೇಲರ್ ಸ್ಕ್ವೇರ್ ನೋಡಿ, ಅಷ್ಟು ಹೇಳುತ್ತೇನೆ. ಗುಲಾಮಗಿರಿಯನ್ನು ಎತ್ತಿ ಹಿಡಿದ ಕ್ಯಾಲ್‌ಹೌನ್ ಹೆಸರು ತೆಗೆದು 2023ರಲ್ಲಿ ಸೂಸಿ ಕಿಂಗ್ ಟೇಲರ್ ಹೆಸರಿಟ್ಟರು. ಹುಟ್ಟಿನಿಂದ ಗುಲಾಮಳಾಗಿದ್ದ ಹುಡುಗಿ. ಪುಸ್ತಕಗಳನ್ನು ಪೊಲೀಸರಿಗೆ ಕಾಣದ ಹಾಗೆ ಕಾಗದದಲ್ಲಿ ಸುತ್ತಿಕೊಂಡು, ಇದೇ ಊರಿನಲ್ಲಿ ಗುಟ್ಟಾಗಿ ಪಾಠಕ್ಕೆ ಹೋಗುತ್ತಿದ್ದಳು.

ಇನ್ನೊಂದೇ ಬೋರ್ಡು. ಇದು ಚೌಕಗಳ ಕಡೆ ಇಲ್ಲ, ಊರಿನ ಪಶ್ಚಿಮಕ್ಕೆ, ಅಗಸ್ಟಾ ಅವೆನ್ಯೂನ ಚಿಕ್ಕ ಪಾರ್ಕಿನಲ್ಲಿದೆ. 1859ರ ಮಾರ್ಚ್ 2 ಮತ್ತು 3. ಪಿಯರ್ಸ್ ಬಟ್ಲರ್ ಅನ್ನುವ ಜಮೀನುದಾರ ಸಾಲ ತೀರಿಸಲು ತನ್ನ ತೋಟಗಳಲ್ಲಿ ಭತ್ತ, ಹತ್ತಿ ಬೆಳೆಯುತ್ತಿದ್ದ ಜನರನ್ನು ಕುದುರೆ ರೇಸಿನ ಮೈದಾನದಲ್ಲಿ ಹರಾಜಿಗಿಟ್ಟ. ಪಟ್ಟಿಯಲ್ಲಿ 436 ಜನ, ಒಬ್ಬೊಬ್ಬರಿಗೂ ನಂಬರು. ಹಾಲುಗೂಸುಗಳಿಗೂ. ಎರಡು ದಿನವೂ ಮಳೆ. ಆಕಾಶವೂ ಅತ್ತಿತು ಅಂದರು. ಈ ಹರಾಜಿಗೆ ವೀಪಿಂಗ್ ಟೈಮ್, ಅಳುವ ಹೊತ್ತು, ಅನ್ನುವ ಹೆಸರು ಹಾಗೆ ಬಂತು. ಮುಗಿದ ಮೇಲೆ ಬಟ್ಲರ್ ಒಬ್ಬೊಬ್ಬರ ಕೈಗೂ ಒಂದೊಂದು ಡಾಲರ್ ಇಟ್ಟ. ಟಂಕಸಾಲೆಯಿಂದ ಆಗಷ್ಟೇ ಬಂದ, ಹೊಳೆಯುವ ನಾಲ್ಕು ಕ್ವಾರ್ಟರ್ ನಾಣ್ಯ.

ಆ ಬೋರ್ಡು ನೆಟ್ಟ ವರ್ಷ 2008. ಲೆಕ್ಕ ನೀವೇ ಹಾಕಿ.

ಟೂರಿನವರ ಟ್ರಾಲಿಯಲ್ಲಿ ಸುತ್ತಿದರೆ ಆ ಪಾರ್ಕು ನಿಮಗೆ ಸಿಗಲಿಕ್ಕಿಲ್ಲ. ನಮ್ಮ ಬಸ್ಸಿನವರಿಗೆ ಹೇಳಿದ್ದೇನೆ, ಹತ್ತು ನಿಮಿಷ ನಿಲ್ಲಿಸುತ್ತಾರೆ. ನೋಡಲು ಅಲ್ಲಿ ಅಂಥದ್ದೇನೂ ಇಲ್ಲ, ಹುಲ್ಲು ಮತ್ತು ಆ ಬೋರ್ಡು. ಮಕ್ಕಳನ್ನೂ ಇಳಿಸಿ. ಕೊಡೆ ಇದ್ದರೆ ಇಟ್ಟುಕೊಳ್ಳಿ, ಸಮುದ್ರದ ಕಡೆಯ ಮಳೆ ಹೇಳಿ ಬರುವುದಿಲ್ಲ. ಸರಿ, ಸರಿ, ಇಳಿದೆ. ಊಟಕ್ಕೆ ಏಳಿ.